ಕಚೇರಿ ದೂರವಾಣಿ ವ್ಯವಸ್ಥೆಯ ಸ್ಥಾಪನೆ: ಪೂರ್ವನಿಗದಿತ ಹೊಂದಾಣಿಕೆಗಳ ಬಳಕೆ

ಸಾರ್ವಜನಿಕ ಮಾಹಿತಿ – ಕಲಬುರಗಿ ನಗರ (ಸೇಡಂ ರಸ್ತೆ) ಮತ್ತು ಕಮಲಾಪುರದ ಅರ್ಜಿದಾರರ ಉಪಯೋಗಕ್ಕಾಗಿ

1. ಪೀಠಿಕೆ

ಕಲಬುರಗಿ ನಗರದ ಸೇಡಂ ರಸ್ತೆಯು ಜಿಲ್ಲೆಯ ಪ್ರಮುಖ ಸೇವಾ ಸಂಸ್ಥೆಗಳನ್ನು ಹೊಂದಿರುವ ಮಾರ್ಗವಾಗಿದೆ. ಗುಲಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಇಎಸ್‌ಐಸಿ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ, 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಇವೆಲ್ಲವೂ ಈ ರಸ್ತೆಯಲ್ಲಿವೆ. 2019ರ ನವೆಂಬರ್‌ನಲ್ಲಿ ಉದ್ಘಾಟನೆಗೊಂಡ ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣಕ್ಕೂ ಇದೇ ದಾರಿಯಾಗಿ ತೆರಳಬೇಕು. ಇವುಗಳ ಆಸುಪಾಸಿನಲ್ಲಿ ಖಾಸಗಿ ದವಾಖಾನೆಗಳು, ಪ್ರಯೋಗಾಲಯಗಳು, ಶಾಲಾ ಕಾಲೇಜುಗಳು ಹಾಗೂ ವ್ಯಾಪಾರ ಸಂಸ್ಥೆಗಳು ಬೆಳೆದಿವೆ.

ಇಂತಹ ಸಂಸ್ಥೆಗಳು ಎರಡು ಮೂರು ದೂರವಾಣಿ ಸಂಪರ್ಕಗಳನ್ನು ಪಡೆದು, ಅವುಗಳನ್ನು ಹತ್ತಾರು ಮೇಜುಗಳಿಗೆ ಹಂಚಲು ಇಪಿಎಬಿಎಕ್ಸ್ ಎಂದು ಕರೆಯಲಾಗುವ ಕಚೇರಿ ವಿನಿಮಯ ಯಂತ್ರವನ್ನು ಅಳವಡಿಸುತ್ತವೆ. ಯಂತ್ರವನ್ನು ಹೊಂದಿಸುವುದು ಕಠಿಣವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವವಾಗಿ ಬಹುಪಾಲು ಹೊಂದಾಣಿಕೆಗಳನ್ನು ತಯಾರಕರೇ ಮೊದಲು ನಿಗದಿಪಡಿಸಿರುತ್ತಾರೆ. ಅವುಗಳನ್ನು ಹಾಗೆಯೇ ಉಳಿಸಿಕೊಂಡು ಕೆಲವನ್ನು ಮಾತ್ರ ಬದಲಾಯಿಸಿದಲ್ಲಿ ಕೆಲಸವು ಅರ್ಧ ದಿನದಲ್ಲಿ ಮುಗಿಯುತ್ತದೆ. ಯಾವುದನ್ನು ಉಳಿಸಬೇಕು, ಯಾವುದನ್ನು ತಪ್ಪದೆ ಬದಲಾಯಿಸಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಹಿನ್ನೆಲೆ

ಸ್ಥಳೀಯವಾಗಿ ತಯಾರಾದ ಎಲೆಕ್ಟ್ರಾನಿಕ್ ವಿನಿಮಯ ಯಂತ್ರಗಳ ಇತಿಹಾಸದಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಐಟಿಐ ಕಾರ್ಖಾನೆಯು ದಶಕಗಳ ಕಾಲ ದೇಶಕ್ಕೆ ದೂರವಾಣಿ ಉಪಕರಣಗಳನ್ನು ಒದಗಿಸಿತು. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆಯು ರೂಪಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವು 1986ರಲ್ಲಿ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಅದೇ ಸಂಸ್ಥೆಯು ಕಚೇರಿಗಳಿಗಾಗಿ 128 ಪೋರ್ಟ್‌ಗಳ ಯಂತ್ರವನ್ನೂ ರೂಪಿಸಿ, ಅದರ ತಂತ್ರಜ್ಞಾನವನ್ನು ತಯಾರಕರಿಗೆ ವರ್ಗಾಯಿಸಿತು.

ಇಂದು ಮಾರುಕಟ್ಟೆಯಲ್ಲಿ ತಂತಿ ಸಂಪರ್ಕದ ಇಪಿಎಬಿಎಕ್ಸ್‌ಗಳ ಜೊತೆಗೆ ಅಂತರ್ಜಾಲ ವಿಧಾನದ ಐಪಿ ಯಂತ್ರಗಳೂ ದೊರೆಯುತ್ತವೆ. ಎರಡೂ ಬಗೆಯ ಯಂತ್ರಗಳಲ್ಲಿ ನೂರಾರು ಹೊಂದಾಣಿಕೆಗಳಿರುತ್ತವೆ. ಹನ್ನೆರಡು ಎಕ್ಸ್‌ಟೆನ್ಶನ್‌ಗಳ ಕಚೇರಿಯಲ್ಲಿ ಒಂದೊಂದು ಮೇಜಿಗೂ ಇವೆಲ್ಲವನ್ನೂ ತುಂಬಬೇಕಾದರೆ ತಪ್ಪುಗಳಾಗುವುದು ಖಚಿತ. ಆದ ಕಾರಣ ತಯಾರಕರು ಪ್ರತಿಯೊಂದಕ್ಕೂ ಒಂದು ಪೂರ್ವನಿಗದಿತ ಮೌಲ್ಯವನ್ನು, ಅಂದರೆ ಡೀಫಾಲ್ಟನ್ನು, ಇಟ್ಟಿರುತ್ತಾರೆ.

3. ಸಂಪರ್ಕಕ್ಕೆ ಅರ್ಜಿ ಸಲ್ಲಿಸುವ ಮುನ್ನ ನಿರ್ಧರಿಸಬೇಕಾದ ಅಂಶಗಳು

(ಅ) ಹೊರಗಿನ ಲೈನ್‌ಗಳ ಸಂಖ್ಯೆ ಮತ್ತು ಒಳಗಿನ ಎಕ್ಸ್‌ಟೆನ್ಶನ್‌ಗಳ ಸಂಖ್ಯೆ.

(ಆ) ಹಂಟಿಂಗ್ ಸೌಲಭ್ಯ. ಸಾರ್ವಜನಿಕರಿಗೆ ಒಂದೇ ಸಂಖ್ಯೆಯನ್ನು ನೀಡಿ, ಅದು ಬಿಡುವಿಲ್ಲದಿದ್ದಾಗ ಕರೆಯು ತಾನಾಗಿ ಮುಂದಿನ ಲೈನಿಗೆ ಬರುವ ವ್ಯವಸ್ಥೆ ಇದಾಗಿದೆ. ಇದು ದೂರವಾಣಿ ಸೇವಾದಾರರ ವಿನಿಮಯ ಕೇಂದ್ರದಲ್ಲಿ ಆಗುವ ಕೆಲಸವಾಗಿದ್ದು, ಕಚೇರಿಯ ಯಂತ್ರದಿಂದ ಸಾಧ್ಯವಾಗುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿಯೇ ಇದನ್ನು ಕೋರತಕ್ಕದ್ದು.

(ಇ) ಸಂಪರ್ಕದ ಬಗೆ. ತಾಮ್ರದ ತಂತಿಯ ಸಂಪರ್ಕಕ್ಕೆ ವಿದ್ಯುತ್ತು ವಿನಿಮಯ ಕೇಂದ್ರದಿಂದಲೇ ಬರುತ್ತದೆ. ಫೈಬರ್ ಸಂಪರ್ಕದಲ್ಲಿ ಕಚೇರಿಯಲ್ಲಿ ಇಡುವ ಪೆಟ್ಟಿಗೆಗೆ ಸ್ಥಳೀಯ ವಿದ್ಯುತ್ ಅಗತ್ಯ. ಕರೆಂಟು ಹೋದಾಗ ಯುಪಿಎಸ್‌ಗೆ ಇಪಿಎಬಿಎಕ್ಸನ್ನು ಮಾತ್ರ ಜೋಡಿಸಿ ಫೈಬರ್ ಪೆಟ್ಟಿಗೆಯನ್ನು ಬಿಟ್ಟಿದ್ದಲ್ಲಿ ಹೊರಗಿನ ಕರೆಗಳು ನಿಲ್ಲುತ್ತವೆ. ಎರಡನ್ನೂ ಯುಪಿಎಸ್‌ಗೆ ಜೋಡಿಸತಕ್ಕದ್ದು.

(ಈ) ಯಂತ್ರದ ಪ್ರಮಾಣೀಕರಣ. ದೂರಸಂಪರ್ಕ ಉಪಕರಣಗಳ ಕಡ್ಡಾಯ ಪರೀಕ್ಷೆ ಮತ್ತು ಪ್ರಮಾಣೀಕರಣ ವ್ಯವಸ್ಥೆಯ ಮೊದಲ ಹಂತವು 2019ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದು, ಕಚೇರಿ ವಿನಿಮಯ ಯಂತ್ರಗಳು ಅದರಲ್ಲಿ ಸೇರಿವೆ. ಖರೀದಿಸುವಾಗ ದೂರಸಂಪರ್ಕ ಇಂಜಿನಿಯರಿಂಗ್ ಕೇಂದ್ರದ ಪ್ರಮಾಣಪತ್ರವಿದೆಯೇ ಎಂದು ಪರಿಶೀಲಿಸುವುದು ಸೂಕ್ತ.

4. ಬದಲಾಯಿಸದೆ ಉಳಿಸಿಕೊಳ್ಳಬಹುದಾದ ಹೊಂದಾಣಿಕೆಗಳು

ಕರೆ ವರ್ಗಾವಣೆ, ಕರೆ ಹಿಡಿದಿಡುವುದು, ಪಕ್ಕದ ಮೇಜಿನ ಕರೆಯನ್ನು ಎತ್ತಿಕೊಳ್ಳುವುದು, ಮೂವರ ಮಾತುಕತೆ ಮುಂತಾದ ಸೌಲಭ್ಯಗಳ ಸಂಕೇತಗಳನ್ನು ತಯಾರಕರ ಕೈಪಿಡಿಯಲ್ಲಿ ಇರುವಂತೆಯೇ ಬಿಡುವುದು ಲೇಸು. ಇವುಗಳನ್ನು ಬದಲಾಯಿಸಿದಲ್ಲಿ ಕೈಪಿಡಿಯು ನಿರುಪಯುಕ್ತವಾಗುತ್ತದೆ. ಮುಂದೆ ದುರಸ್ತಿಗೆ ಬರುವ ತಂತ್ರಜ್ಞರಿಗೂ ತೊಂದರೆಯಾಗುತ್ತದೆ.

ಹೊರಗಿನ ಲೈನ್ ಪಡೆಯಲು 0, ಆಪರೇಟರ್‌ಗೆ 9 ಎಂಬ ಕ್ರಮವು ಭಾರತದಲ್ಲಿ ಮಾರಾಟವಾಗುವ ಅನೇಕ ಯಂತ್ರಗಳಲ್ಲಿದೆ. ಕೆಲವು ಯಂತ್ರಗಳಲ್ಲಿ ಇದು ತಿರುವು ಮುರುವಾಗಿರುತ್ತದೆ. ಯಾವ ಕ್ರಮವಿದ್ದರೂ ಒಂದೇ ಸಂಸ್ಥೆಯ ಎಲ್ಲ ಶಾಖೆಗಳಲ್ಲಿ ಒಂದೇ ಕ್ರಮವಿರುವುದು ಮುಖ್ಯ. ಕಲಬುರಗಿಯ ಕಚೇರಿಯಿಂದ ಕಮಲಾಪುರದ ಶಾಖೆಗೆ ವರ್ಗವಾಗಿ ಹೋದ ಸಿಬ್ಬಂದಿಯು ಹೊಸದಾಗಿ ಕಲಿಯಬೇಕಾಗಬಾರದು.

ಧ್ವನಿಯ ಪ್ರಮಾಣ, ಪ್ರತಿಧ್ವನಿ ನಿವಾರಣೆ, ಅಂಕಿಗಳ ನಡುವಿನ ಕಾಲಾವಕಾಶ ಇವುಗಳನ್ನೂ ದೋಷ ಕಂಡುಬಂದ ಹೊರತು ಮುಟ್ಟಬಾರದು.

5. ತಪ್ಪದೆ ಪರಿಶೀಲಿಸಿ ಬದಲಾಯಿಸಬೇಕಾದ ಹೊಂದಾಣಿಕೆಗಳು

5.1 ದೇಶದ ಆಯ್ಕೆ

ಯಂತ್ರದಲ್ಲಿ ದೇಶವನ್ನು ಭಾರತ ಎಂದು ಆಯ್ಕೆ ಮಾಡುವುದು ಮೊದಲನೆಯ ಮತ್ತು ಅತಿ ಮುಖ್ಯ ಹೆಜ್ಜೆಯಾಗಿದೆ. ಈ ಒಂದೇ ಆಯ್ಕೆಯಿಂದ ಸ್ವರಗಳು, ಗಂಟೆಯ ಲಯ ಮತ್ತು ಇತರ ಅನೇಕ ಮೌಲ್ಯಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ.

ಇದರ ಮಹತ್ವವು ಕರೆ ಮುಗಿದ ನಂತರ ತಿಳಿಯುತ್ತದೆ. ತಂತಿ ಸಂಪರ್ಕದಲ್ಲಿ ಹೊರಗಿನವರು ಫೋನ್ ಇಟ್ಟರೆಂಬುದನ್ನು ಅನೇಕ ಯಂತ್ರಗಳು ಲೈನಿನಲ್ಲಿ ಬರುವ ಎಂಗೇಜ್ ಸ್ವರದಿಂದಲೇ ಗುರುತಿಸುತ್ತವೆ. ಭಾರತದಲ್ಲಿ ಈ ಸ್ವರವು 400 ಹರ್ಟ್ಸ್‌ನದಾಗಿದ್ದು, 0.75 ಸೆಕೆಂಡು ಕೇಳಿ 0.75 ಸೆಕೆಂಡು ನಿಲ್ಲುತ್ತದೆ. ಅಮೆರಿಕದ ಸ್ವರವು 480 ಮತ್ತು 620 ಹರ್ಟ್ಸ್‌ಗಳ ಮಿಶ್ರಣವಾಗಿದ್ದು, ಅರ್ಧ ಅರ್ಧ ಸೆಕೆಂಡಿನ ಲಯದಲ್ಲಿರುತ್ತದೆ. ಯಂತ್ರವನ್ನು ಅಮೆರಿಕದ ಹೊಂದಾಣಿಕೆಯಲ್ಲಿಯೇ ಬಿಟ್ಟಿದ್ದಲ್ಲಿ ಅದು ಭಾರತದ ಸ್ವರವನ್ನು ಗುರುತಿಸದೆ, ಮುಗಿದುಹೋದ ಕರೆಯ ಲೈನನ್ನು ಹಿಡಿದುಕೊಂಡೇ ಇರುವ ಸಂಭವವಿದೆ. ಸ್ವಯಂಚಾಲಿತ ಸ್ವಾಗತ ಧ್ವನಿಯಿರುವ ಕಚೇರಿಗಳಲ್ಲಿ ಈ ದೋಷವು ಹೆಚ್ಚು, ಏಕೆಂದರೆ ಅಲ್ಲಿ ಫೋನ್ ಇಡಲು ಮನುಷ್ಯರೇ ಇರುವುದಿಲ್ಲ.

ಪರಿಣಾಮವು ಕಚೇರಿಯ ಒಳಗೆ ಕಾಣುವುದಿಲ್ಲ. ಮೇಜಿನ ಮೇಲೆ ಫೋನ್ ಸುಮ್ಮನೆ ಕುಳಿತಿರುತ್ತದೆ. ಚಿಂಚೋಳಿಯಿಂದಲೋ ಆಳಂದದಿಂದಲೋ ವೈದ್ಯರು ಇಂದು ಇರುವರೇ ಎಂದು ಕೇಳಲು ಕರೆ ಮಾಡುವವರಿಗೆ ಮಾತ್ರ ದಿನವಿಡೀ ಎಂಗೇಜ್ ಸ್ವರ ಕೇಳುತ್ತದೆ. ಅವರು ಬಸ್ಸು ಹಿಡಿದು ಬಂದು, ವೈದ್ಯರಿಲ್ಲದೆ ಹಿಂದಿರುಗಬೇಕಾಗುತ್ತದೆ. ಈ ಕಾರಣದಿಂದ ದೇಶದ ಆಯ್ಕೆಯನ್ನು ಸಣ್ಣ ವಿಷಯವೆಂದು ಪರಿಗಣಿಸಬಾರದು.

ಕೆಲವು ಸಂಪರ್ಕಗಳಲ್ಲಿ ಕರೆ ಮುಗಿದುದನ್ನು ಲೈನಿನ ಧ್ರುವ ಬದಲಾವಣೆಯ ಮೂಲಕವೂ ತಿಳಿಸಲಾಗುತ್ತದೆ. ಈ ಸೌಲಭ್ಯ ಇದೆಯೇ ಎಂದು ಸೇವಾದಾರರಲ್ಲಿ ವಿಚಾರಿಸಿ, ಇದ್ದಲ್ಲಿ ಯಂತ್ರದಲ್ಲಿ ಅದನ್ನು ಚಾಲನೆಗೊಳಿಸಬಹುದು.

5.2 ಎಕ್ಸ್‌ಟೆನ್ಶನ್ ಸಂಖ್ಯೆಗಳು ಮತ್ತು ತುರ್ತು ಕರೆಗಳು

ಕೆಲವು ಯಂತ್ರಗಳು ಎಕ್ಸ್‌ಟೆನ್ಶನ್‌ಗಳಿಗೆ 101, 102, 103 ಎಂದು ಸಂಖ್ಯೆ ನೀಡುತ್ತಾ ಹೋಗುತ್ತವೆ. ಈ ಕ್ರಮವನ್ನು ಉಳಿಸಿಕೊಳ್ಳಬಾರದು. 101 ಅಗ್ನಿಶಾಮಕ ಸೇವೆಯ ಸಂಖ್ಯೆಯಾಗಿದೆ. 108 ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ ಆರೋಗ್ಯ ಕವಚ ಆಂಬುಲೆನ್ಸ್ ಸೇವೆಯ ಸಂಖ್ಯೆ. 112 ಎಲ್ಲ ತುರ್ತು ಸೇವೆಗಳಿಗೆ ಇರುವ ಏಕೀಕೃತ ಸಂಖ್ಯೆ. ಲೆಕ್ಕಪತ್ರ ಶಾಖೆಗೆ 108 ಎಂಬ ಎಕ್ಸ್‌ಟೆನ್ಶನ್ ನೀಡಿದ್ದಲ್ಲಿ, ಆಂಬುಲೆನ್ಸಿಗಾಗಿ ಒತ್ತಿದ ಕರೆಯು ಬೀಗ ಹಾಕಿದ ಕೋಣೆಯಲ್ಲಿ ಮೊಳಗುತ್ತದೆ.

ಆದ ಕಾರಣ ಎಕ್ಸ್‌ಟೆನ್ಶನ್ ಸಂಖ್ಯೆಗಳನ್ನು 201ರಿಂದ ಆರಂಭಿಸತಕ್ಕದ್ದು. 1 ಅಂಕಿಯಿಂದ ಆರಂಭವಾಗುವ ಗುಂಪನ್ನು ತುರ್ತು ಹಾಗೂ ಸಹಾಯವಾಣಿ ಸಂಖ್ಯೆಗಳಿಗಾಗಿ ಖಾಲಿ ಬಿಡತಕ್ಕದ್ದು. 112, 101 ಮತ್ತು 108ನ್ನು ಮೊದಲು 0 ಒತ್ತದೆಯೇ, ಯಾವ ಮೇಜಿನಿಂದಲಾದರೂ, ಲಾಕ್ ಆಗಿರುವ ಫೋನಿನಿಂದಲೂ ಕರೆಯುವಂತೆ ಹೊಂದಿಸತಕ್ಕದ್ದು.

ಈ ವಿಷಯದಲ್ಲಿ ಹೊರದೇಶದ ಒಂದು ಅನುಭವವು ಗಮನಾರ್ಹವಾಗಿದೆ. 2013ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಹೋಟೆಲ್ ಕೋಣೆಯೊಂದರಲ್ಲಿ ತಾಯಿಯ ಮೇಲೆ ಮಾರಣಾಂತಿಕ ಹಲ್ಲೆ ನಡೆದಾಗ, ಒಂಬತ್ತು ವರ್ಷದ ಮಗಳು ತುರ್ತು ಸಂಖ್ಯೆ 911ನ್ನು ಮತ್ತೆ ಮತ್ತೆ ಒತ್ತಿದಳು. ಹೊರಗಿನ ಲೈನಿಗಾಗಿ ಮೊದಲು ಇನ್ನೊಂದು 9 ಒತ್ತಬೇಕೆಂಬುದು ಅವಳಿಗೆ ತಿಳಿದಿರಲಿಲ್ಲ. ಕರೆ ಹೋಗಲಿಲ್ಲ. ತಾಯಿ ಬದುಕುಳಿಯಲಿಲ್ಲ. ಆನಂತರ 2018ರಲ್ಲಿ ಕ್ಯಾರಿಸ್ ಲಾ ಎಂಬ ಕಾನೂನು ಅಲ್ಲಿ ಅಂಗೀಕಾರಗೊಂಡು, ಯಾವ ಪೂರ್ವಾಂಕಿಯೂ ಇಲ್ಲದೆ ತುರ್ತು ಕರೆ ಹೋಗುವಂತೆ ಹೊಸ ಯಂತ್ರಗಳನ್ನು ಪೂರ್ವನಿಗದಿಪಡಿಸಿಯೇ ಮಾರಬೇಕೆಂದು ವಿಧಿಸಿತು.

5.3 ಕರೆ ನಿರ್ಬಂಧ

ಹೊರಹೋಗುವ ಕರೆಗಳನ್ನು ನಿಯಂತ್ರಿಸಲು ಯಂತ್ರಗಳಲ್ಲಿ ಸ್ಥಳೀಯ, ಎಸ್‌ಟಿಡಿ, ಐಎಸ್‌ಡಿ ಎಂಬ ದರ್ಜೆಗಳು ಸಿದ್ಧವಾಗಿರುತ್ತವೆ. ಹಳೆಯ ಯಂತ್ರಗಳ ಸ್ಥಳೀಯ ದರ್ಜೆಯು 0ಯಿಂದ ಆರಂಭವಾಗುವ ಎಲ್ಲ ಸಂಖ್ಯೆಗಳನ್ನೂ ತಡೆಯುತ್ತದೆ. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು 0 ಸೇರಿಸುವುದು ಕಡ್ಡಾಯವಾಗಿದೆ. ಪರಿಣಾಮವಾಗಿ ಈ ಹಳೆಯ ದರ್ಜೆಯಲ್ಲಿರುವ ಮೇಜಿನಿಂದ ಯಾವ ಮೊಬೈಲಿಗೂ ಕರೆ ಹೋಗುವುದಿಲ್ಲ. ಅರ್ಜಿದಾರರ ಅರ್ಜಿಯಲ್ಲಿ ನ್ಯೂನತೆ ಕಂಡುಬಂದಾಗ ಅವರ ಮೊಬೈಲಿಗೆ ತಿಳಿಸಲು ಸಿಬ್ಬಂದಿಗೆ ಸಾಧ್ಯವಾಗದೆ ಅರ್ಜಿಯು ಬಾಕಿ ಉಳಿಯುತ್ತದೆ.

ಮೊದಲ ಎರಡು ಅಂಕಿಗಳಿಂದ ಮೊಬೈಲ್ ಮತ್ತು ಎಸ್‌ಟಿಡಿ ಕರೆಗಳನ್ನು ಬೇರ್ಪಡಿಸುವ ಉಪಾಯವೂ ನಮ್ಮ ಭಾಗದಲ್ಲಿ ಫಲಿಸುವುದಿಲ್ಲ. ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಆರಂಭವಾಗುತ್ತವೆ. ಕಲಬುರಗಿ, ಬೆಂಗಳೂರು ಮುಂತಾದ ಊರುಗಳ ಸಂಕೇತಗಳೂ 8ರಿಂದಲೇ ಆರಂಭವಾಗುತ್ತವೆ. ಆದ್ದರಿಂದ ಒಂದು 0ಯಿಂದ ಆರಂಭವಾಗುವ ಕರೆಗಳಿಗೆ ಅವಕಾಶ ನೀಡಿ, ಎರಡು 0ಗಳಿಂದ ಆರಂಭವಾಗುವ ವಿದೇಶಿ ಕರೆಗಳನ್ನು ಮಾತ್ರ ತಡೆಯುವುದು ಸರಳ ಮತ್ತು ಸಮರ್ಪಕ ವಿಧಾನವಾಗಿದೆ.

ಲೈನ್ ಪಡೆದ ನಂತರ ಒತ್ತಬೇಕಾದ ಕ್ರಮ (ಕಲಬುರಗಿ ನಗರದ ಸ್ಥಿರ ದೂರವಾಣಿಯಿಂದ):

– ಕಲಬುರಗಿ ನಗರದ ಸ್ಥಿರ ದೂರವಾಣಿಗೆ: 6 ಅಂಕಿಗಳ ಸಂಖ್ಯೆ
– ಕಮಲಾಪುರಕ್ಕೆ: 08478 ಮತ್ತು ಸಂಖ್ಯೆ
– ಸೇಡಂಗೆ: 08441 ಮತ್ತು ಸಂಖ್ಯೆ
– ಬೆಂಗಳೂರಿಗೆ: 080 ಮತ್ತು 8 ಅಂಕಿಗಳ ಸಂಖ್ಯೆ
– ಯಾವುದೇ ಮೊಬೈಲಿಗೆ: 0 ಮತ್ತು 10 ಅಂಕಿಗಳ ಸಂಖ್ಯೆ
– ಹೊರ ಊರಿನಿಂದ ಕಲಬುರಗಿಗೆ: 08472 ಮತ್ತು ಸಂಖ್ಯೆ

ಲೈನಿಗಾಗಿ 0 ಬಳಸುವ ಯಂತ್ರದಲ್ಲಿ ಮೊಬೈಲಿಗೆ ಎರಡು ಬಾರಿ 0 ಒತ್ತಬೇಕಾಗುತ್ತದೆ. ಮೊದಲನೆಯದು ಯಂತ್ರಕ್ಕೆ, ಎರಡನೆಯದು ವಿನಿಮಯ ಕೇಂದ್ರಕ್ಕೆ. ಈ ವ್ಯತ್ಯಾಸವನ್ನು ಬರೆದು ಪ್ರತಿ ಫೋನಿನ ಬಳಿ ಅಂಟಿಸುವುದು ಒಳಿತು. ಒಂದೇ ಊರಿನ ಸ್ಥಿರ ದೂರವಾಣಿಗಳ ನಡುವಿನ ಕರೆಗಳಿಗೂ 0 ಮತ್ತು ಊರಿನ ಸಂಕೇತವನ್ನು ಬಳಸುವ ಪದ್ಧತಿಯನ್ನು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2025ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿದೆ. ಹೊಸದಾಗಿ ಯಂತ್ರ ಹೊಂದಿಸುವವರು ಇಂತಹ ಬದಲಾವಣೆಗೆ ಎಡೆಯಿರುವಂತೆ ನಿರ್ಬಂಧಗಳನ್ನು ರೂಪಿಸುವುದು ಸೂಕ್ತ.

5.4 ಒಳಬರುವ ಕರೆಗಳು ಮತ್ತು ಕಚೇರಿ ವೇಳೆ

ಪೂರ್ವನಿಗದಿತ ಸ್ಥಿತಿಯಲ್ಲಿ ಅನೇಕ ಯಂತ್ರಗಳು ಎಲ್ಲ ಕರೆಗಳನ್ನೂ ಮೊದಲನೆಯ ಎಕ್ಸ್‌ಟೆನ್ಶನ್‌ಗೆ ಮಾತ್ರ ಕಳುಹಿಸುತ್ತವೆ. ಸ್ವಾಗತ ಮೇಜಿನವರು ಎದ್ದು ಹೋಗಿದ್ದಲ್ಲಿ ಗಂಟೆಯು ಬಾರಿಸಿ ಬಾರಿಸಿ ನಿಲ್ಲುತ್ತದೆ. 20 ಸೆಕೆಂಡುಗಳ ನಂತರ ಎರಡನೆಯ ಮೇಜಿಗೆ, ಅಲ್ಲಿಯೂ ಎತ್ತದಿದ್ದಲ್ಲಿ ಮೂರನೆಯದಕ್ಕೆ ಹೋಗುವಂತೆ ಹೊಂದಿಸತಕ್ಕದ್ದು.

ಯಂತ್ರದ ಗಡಿಯಾರವನ್ನು ಭಾರತೀಯ ಕಾಲಮಾನಕ್ಕೆ ಸರಿಪಡಿಸಿ, ಹಗಲು ಮತ್ತು ರಾತ್ರಿ ಸ್ಥಿತಿಗಳ ವೇಳೆಯನ್ನು ನಮೂದಿಸಬೇಕು. ಎರಡನೆಯ ಮತ್ತು ನಾಲ್ಕನೆಯ ಶನಿವಾರದ ರಜೆ ಇರುವ ಕಚೇರಿಗಳು ಅದನ್ನೂ ಸೇರಿಸಬೇಕು. ಗಡಿಯಾರ ತಪ್ಪಿದ್ದಲ್ಲಿ ಕೆಲಸದ ವೇಳೆಯಲ್ಲಿಯೇ ಕಚೇರಿ ಮುಚ್ಚಿದೆ ಎಂಬ ಧ್ವನಿ ಕೇಳಿಬರುತ್ತದೆ.

ಯಂತ್ರದೊಡನೆ ಬರುವ ಸ್ವಾಗತ ಧ್ವನಿಯು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದರ ಬದಲು ಕನ್ನಡದಲ್ಲಿ ಧ್ವನಿ ಮುದ್ರಿಸಿ, ಅಗತ್ಯವಿದ್ದಲ್ಲಿ ನಂತರ ಇತರ ಭಾಷೆಗಳನ್ನು ಸೇರಿಸಬಹುದು. ಆಯ್ಕೆಗಳು ನಾಲ್ಕಕ್ಕಿಂತ ಹೆಚ್ಚಿರಬಾರದು. ಯಾವ ಅಂಕಿಯನ್ನೂ ಒತ್ತದವರ ಕರೆಯು ಕಡಿತವಾಗದೆ ಸ್ವಾಗತ ಮೇಜಿಗೆ ಹೋಗತಕ್ಕದ್ದು.

5.5 ಗುಪ್ತ ಸಂಖ್ಯೆಗಳು

ಪೂರ್ವನಿಗದಿತ ಮೌಲ್ಯಗಳಲ್ಲಿ ಒಂದು ದಿನವೂ ಉಳಿಸಿಕೊಳ್ಳಬಾರದಂತಹುದು ಗುಪ್ತ ಸಂಖ್ಯೆ. ತಯಾರಕರ ಗುಪ್ತ ಸಂಖ್ಯೆಯು ಕೈಪಿಡಿಯಲ್ಲಿ ಮುದ್ರಿತವಾಗಿರುತ್ತದೆ. ಆದ್ದರಿಂದ ಅದು ಎಲ್ಲರಿಗೂ ತಿಳಿದಿರುವಂತಹುದೇ. ಅದನ್ನು ಬಳಸಿ ಹೊರಗಿನವರು ಯಂತ್ರಕ್ಕೆ ಪ್ರವೇಶಿಸಿ, ಕಚೇರಿಯ ಲೈನಿನಿಂದ ವಿದೇಶಗಳಿಗೆ ಕರೆ ಮಾಡಿದಲ್ಲಿ ಶುಲ್ಕದ ಬಿಲ್ಲು ಚಂದಾದಾರರ ಹೆಸರಿಗೇ ಬರುತ್ತದೆ. ನಿರ್ವಾಹಕರ ಗುಪ್ತ ಸಂಖ್ಯೆ, ಪ್ರತಿ ಎಕ್ಸ್‌ಟೆನ್ಶನ್‌ನ ಗುಪ್ತ ಸಂಖ್ಯೆ ಮತ್ತು ಧ್ವನಿ ಪೆಟ್ಟಿಗೆಯ ಗುಪ್ತ ಸಂಖ್ಯೆ ಮೂರನ್ನೂ ಬದಲಾಯಿಸತಕ್ಕದ್ದು. ಹೊರಗಿನಿಂದ ಕರೆ ಮಾಡಿ ಒಳಗಿನ ಲೈನ್ ಪಡೆಯುವ ಡಿಐಎಸ್‌ಎ ಸೌಲಭ್ಯ ಹಾಗೂ ಅಂತರ್ಜಾಲದ ಮೂಲಕ ದೂರನಿರ್ವಹಣೆಯ ಸೌಲಭ್ಯ ಅಗತ್ಯವಿಲ್ಲದಿದ್ದಲ್ಲಿ ಮುಚ್ಚತಕ್ಕದ್ದು.

6. ಮಾದರಿ ಗುಂಪುಗಳ ಬಳಕೆ

ಪ್ರತಿ ಮೇಜನ್ನು ಪ್ರತ್ಯೇಕವಾಗಿ ಹೊಂದಿಸುವ ಬದಲು ಎರಡು ಮೂರು ಮಾದರಿಗಳನ್ನು ರೂಪಿಸಿ, ಎಲ್ಲ ಮೇಜುಗಳನ್ನೂ ಅವುಗಳಲ್ಲಿ ಸೇರಿಸಬಹುದು. 3 ಲೈನ್‌ಗಳು ಮತ್ತು 12 ಎಕ್ಸ್‌ಟೆನ್ಶನ್‌ಗಳಿರುವ ಒಂದು ದವಾಖಾನೆಗೆ ಹೊಂದುವ ಉದಾಹರಣೆ ಈ ಕೆಳಗಿನಂತಿದೆ:

– ಮಾದರಿ 1, ಕಾಯುವ ಕೋಣೆ ಮತ್ತು ವಾರ್ಡುಗಳು (207ರಿಂದ 212): ಒಳಗಿನ ಕರೆಗಳು ಮತ್ತು ತುರ್ತು ಕರೆಗಳು ಮಾತ್ರ.
– ಮಾದರಿ 2, ಸ್ವಾಗತ, ಔಷಧ ವಿಭಾಗ, ಪ್ರಯೋಗಾಲಯ, ಲೆಕ್ಕಪತ್ರ (201ರಿಂದ 204): ಮೇಲಿನವುಗಳ ಜೊತೆಗೆ ದೇಶದೊಳಗಿನ ಎಲ್ಲ ಕರೆಗಳು.
– ಮಾದರಿ 3, ವೈದ್ಯರು ಮತ್ತು ವ್ಯವಸ್ಥಾಪಕರು (205, 206): ಗುಪ್ತ ಸಂಖ್ಯೆಯೊಡನೆ ಎಲ್ಲ ಕರೆಗಳು.

ಮುಂದೆ ಮೇಜುಗಳು ಹೆಚ್ಚಾದಾಗ ಹೊಸ ಎಕ್ಸ್‌ಟೆನ್ಶನ್ ಅನ್ನು ಸೂಕ್ತ ಮಾದರಿಗೆ ಸೇರಿಸಿದರೆ ಸಾಕಾಗುತ್ತದೆ. ನಿಯಮ ಬದಲಾದಾಗಲೂ ಹನ್ನೆರಡು ಕಡೆ ತಿದ್ದುವ ಬದಲು ಮೂರು ಕಡೆ ತಿದ್ದಿದರೆ ಸಾಕು.

7. ಅಳವಡಿಕೆ ಮುಗಿದ ನಂತರದ ಪರೀಕ್ಷೆ

ತಂತ್ರಜ್ಞರು ಹೊರಡುವ ಮುನ್ನ ಅವರ ಸಮ್ಮುಖದಲ್ಲಿ ಈ ಕೆಳಕಂಡ ಪರೀಕ್ಷೆಗಳನ್ನು ಮಾಡತಕ್ಕದ್ದು:

(1) ಮೊಬೈಲಿನಿಂದ ಕಚೇರಿಗೆ ಕರೆ ಮಾಡಿ, ಸ್ವಾಗತ ಧ್ವನಿ ಆರಂಭವಾದ ಕೂಡಲೇ ಕರೆಯನ್ನು ಕಡಿಯಬೇಕು. ಒಂದು ನಿಮಿಷದೊಳಗೆ ಆ ಲೈನ್ ಬಿಡುಗಡೆಯಾಗಿರಬೇಕು. ಪ್ರತಿ ಲೈನಿಗೂ ಇದನ್ನು ಪುನರಾವರ್ತಿಸಬೇಕು.
(2) ಎಲ್ಲ ಲೈನ್‌ಗಳಲ್ಲಿಯೂ ಏಕಕಾಲಕ್ಕೆ ಕರೆ ಮಾಡಿ ಹಂಟಿಂಗ್ ಸೌಲಭ್ಯವನ್ನು ಪರೀಕ್ಷಿಸಬೇಕು.
(3) ಪ್ರತಿ ಮಾದರಿಯ ಒಂದೊಂದು ಮೇಜಿನಿಂದ ಮೊಬೈಲಿಗೆ ಕರೆ ಮಾಡಿ, ಹೋಗಬೇಕಾದದ್ದು ಹೋಗುವುದನ್ನೂ ತಡೆಯಬೇಕಾದದ್ದು ತಡೆಯುವುದನ್ನೂ ಖಚಿತಪಡಿಸಿಕೊಳ್ಳಬೇಕು.
(4) ಒಂದು ಕರೆಯನ್ನು ಬೇರೆ ಮೇಜಿಗೆ ವರ್ಗಾಯಿಸಬೇಕು. ಫ್ಲ್ಯಾಶ್ ಗುಂಡಿ ಒತ್ತಿದಾಗ ಕರೆ ಕಡಿತವಾದಲ್ಲಿ ಯಂತ್ರದ ಮತ್ತು ಫೋನಿನ ಫ್ಲ್ಯಾಶ್ ಅವಧಿಗಳು ಹೊಂದುತ್ತಿಲ್ಲವೆಂದು ತಿಳಿಯಬೇಕು.
(5) ವಿದ್ಯುತ್ತನ್ನು ಆರಿಸಿ ಯುಪಿಎಸ್ ಮೇಲೆ ಕರೆಗಳು ನಡೆಯುವುದನ್ನು ನೋಡಬೇಕು.
(6) ತುರ್ತು ಸಂಖ್ಯೆಗಳ ಹೊಂದಾಣಿಕೆಯನ್ನು ಯಂತ್ರದ ಪಟ್ಟಿಯಲ್ಲಿಯೇ ಪರಿಶೀಲಿಸಬೇಕು. ಪರೀಕ್ಷೆಗೆಂದು ಪದೇ ಪದೇ ತುರ್ತು ಸೇವೆಗೆ ಕರೆ ಮಾಡಬಾರದು.

8. ದಾಖಲೆ

ಬದಲಾಯಿಸಿದ ಪ್ರತಿಯೊಂದು ಹೊಂದಾಣಿಕೆಯನ್ನೂ ಒಂದು ಹಾಳೆಯಲ್ಲಿ ಬರೆದು ಕಚೇರಿಯ ಕಡತದಲ್ಲಿ ಇಡತಕ್ಕದ್ದು. ಗುಪ್ತ ಸಂಖ್ಯೆಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಪ್ರತ್ಯೇಕವಾಗಿ ಇಡಬೇಕು. ಯಂತ್ರವನ್ನು ಮೂಲಸ್ಥಿತಿಗೆ ತಂದಾಗ ಈ ಎಲ್ಲ ಬದಲಾವಣೆಗಳು ಅಳಿಸಿಹೋಗಿ ತಯಾರಕರ ಮೌಲ್ಯಗಳು ಮರಳುತ್ತವೆ. ಹಳೆಯ ಗುಪ್ತ ಸಂಖ್ಯೆಯೂ ಅವುಗಳೊಡನೆ ಮರಳುತ್ತದೆ. ಹಾಳೆ ಇದ್ದಲ್ಲಿ ಅರ್ಧ ಗಂಟೆಯಲ್ಲಿ ಯಂತ್ರವನ್ನು ಮತ್ತೆ ಹೊಂದಿಸಬಹುದು.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಯಂತ್ರವನ್ನು ಬದಲಾಯಿಸಿದಲ್ಲಿ ಸಾರ್ವಜನಿಕರಿಗೆ ನೀಡಿದ ದೂರವಾಣಿ ಸಂಖ್ಯೆ ಬದಲಾಗುವುದೇ?
ಉತ್ತರ: ಇಲ್ಲ. ಸಂಖ್ಯೆಯು ಸೇವಾದಾರರ ಸಂಪರ್ಕಕ್ಕೆ ಸೇರಿದುದಾಗಿದೆ. ಎಕ್ಸ್‌ಟೆನ್ಶನ್ ಸಂಖ್ಯೆಗಳು ಮಾತ್ರ ಯಂತ್ರಕ್ಕೆ ಸೇರಿರುತ್ತವೆ.

ಪ್ರಶ್ನೆ: ಕರೆ ಮಾಡಿದವರ ಸಂಖ್ಯೆ ಫೋನಿನಲ್ಲಿ ಕಾಣುತ್ತಿಲ್ಲ. ಏನು ಮಾಡಬೇಕು?
ಉತ್ತರ: ಸಂಪರ್ಕದಲ್ಲಿ ಈ ಸೌಲಭ್ಯವಿದೆಯೇ ಎಂದು ಮೊದಲು ವಿಚಾರಿಸಬೇಕು. ಸಂಖ್ಯೆಯನ್ನು ಡಿಟಿಎಂಎಫ್ ಅಥವಾ ಎಫ್‌ಎಸ್‌ಕೆ ವಿಧಾನದಲ್ಲಿ ಕಳುಹಿಸಲಾಗುತ್ತದೆ. ಸೇವಾದಾರರು ಬಳಸುವ ವಿಧಾನವನ್ನೇ ಯಂತ್ರದಲ್ಲಿಯೂ ಆಯ್ಕೆ ಮಾಡಬೇಕು.

ಪ್ರಶ್ನೆ: ಹಳೆಯ ಯಂತ್ರದಲ್ಲಿ ಭಾರತದ ಆಯ್ಕೆಯೇ ಇಲ್ಲದಿದ್ದಲ್ಲಿ?
ಉತ್ತರ: ಎಂಗೇಜ್ ಸ್ವರದ ಮೌಲ್ಯಗಳನ್ನು ಕಂಡಿಕೆ 5.1ರಲ್ಲಿರುವಂತೆ ಕೈಯಿಂದ ನಮೂದಿಸಬಹುದು. ಅದಕ್ಕೂ ಅವಕಾಶವಿಲ್ಲದಿದ್ದಲ್ಲಿ ಸ್ವಯಂಚಾಲಿತ ಸ್ವಾಗತ ಧ್ವನಿಯನ್ನು ನಿಲ್ಲಿಸಿ, ಕರೆಗಳನ್ನು ಸಿಬ್ಬಂದಿಯೇ ಸ್ವೀಕರಿಸುವುದು ಉತ್ತಮ.

ಸೂಚನೆ: ಈ ಪುಟದಲ್ಲಿನ ಮಾಹಿತಿಯನ್ನು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ನೀಡಲಾಗಿದೆ. ಹೊಂದಾಣಿಕೆಗಳ ನಿಖರ ಸಂಕೇತಗಳು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಿರುವುದರಿಂದ ತಯಾರಕರ ಕೈಪಿಡಿಯನ್ನು ನೋಡತಕ್ಕದ್ದು. ಅರ್ಜಿ ನಮೂನೆ ಹಾಗೂ ಶುಲ್ಕದ ವಿವರಗಳಿಗಾಗಿ ಸಂಬಂಧಪಟ್ಟ ದೂರವಾಣಿ ಸೇವಾದಾರರ ಗ್ರಾಹಕ ಸೇವಾ ಕೇಂದ್ರವನ್ನು ಸಂಪರ್ಕಿಸಲು ಕೋರಲಾಗಿದೆ.